ಚೆರ್ರಿ ಗಿಡಕ್ಕೆ ಕೊಡಲಿ ತೋರಿಸಿದ್ದು

ಗಟ್ಟಿಯಾಗಿ ಮಾತಾಡುವುದೇ ಒಂದು ಯೋಗ್ಯತೆ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಶಾಲೆಯ ಮಾಸ್ತರನಿಗೆ ವಿದ್ಯೆ ಎಷ್ಟಿದೆ ಎಂದು ಯಾರು ಅಳೆದು ನೋಡುತ್ತಾರೆ? ಗಂಟಲು ಎಷ್ಟಿದೆ ಎಂಬುದು ಮಾತ್ರ ಓಣಿಗೆಲ್ಲ ಗೊತ್ತಾಗುತ್ತದೆ. ಔರಾದದಲ್ಲಿ ನಾನು ಮಗ್ಗಿ ಹೇಳಿಕೊಡುತ್ತಿದ್ದರೆ ಬಸ್ಸಿಗೆ ಕಾಯುತ್ತ ನಿಂತವರೂ ಜೊತೆಗೆ ಹೇಳುತ್ತಿದ್ದರೆಂದು ನನ್ನ ಹೆಂಡತಿ ಚೇಷ್ಟೆ ಮಾಡುತ್ತಾಳೆ. ಪೂರ್ತಿ ಸುಳ್ಳೇನಲ್ಲ. ಇಂಥ ಗಂಟಲಿನವನು ಹಿತ್ತಲಲ್ಲಿ ಗಿಡ ಬೆಳೆಸಬಾರದು. ಬೆಳೆಸಿದರೂ ಅದರೊಡನೆ ಮಾತಾಡಬಾರದು. ಅದರಲ್ಲೂ ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ ಮುಗಿದು ಇನ್ನೂ ತಿಂಗಳೊಪ್ಪತ್ತಷ್ಟೇ ಆಗಿರುವಾಗ ಬೀದರಿನಂಥ ಊರಿನಲ್ಲಿ ಖಂಡಿತ ಮಾತಾಡಬಾರದು.

ಆಗಷ್ಟೇ ನನಗೆ ಔರಾದದಿಂದ ಬೀದರಿಗೆ ವರ್ಗವಾಗಿತ್ತು. ಹಳೆಯ ಊರಿನ ಓಣಿಯೊಂದರಲ್ಲಿ ಅಗ್ಗದ ಮನೆ ಸಿಕ್ಕಿತು. ಇಷ್ಟು ಅಗ್ಗ ಯಾಕೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ, ಏಕೆಂದರೆ ನನ್ನ ಕಣ್ಣು ಹಿತ್ತಲಿನ ಗಿಡದ ಮೇಲಿತ್ತು. ಮೊದಲು ಅಲ್ಲಿದ್ದ ನಿಜಾಮರ ಕಾಲದ ಇಂಜಿನಿಯರರೊಬ್ಬರು ಯಾವುದೋ ಚಳಿ ದೇಶದಿಂದ ತಂದು ನೆಟ್ಟದ್ದಂತೆ. "ಚೆರ್ರಿ ಅದ ನೋಡ್ರಿ ಮಾಸ್ತರ, ಬೀದರದಾಗ ಇದೊಂದೇ," ಎಂದರು ಮಾಲೀಕರು. ಚೆರ್ರಿಯನ್ನು ನಾನು ಕಂಡದ್ದು ನಮ್ಮ ಉಪ್ಪಿನ ಡಬ್ಬಿಯ ಮೇಲಿನ ಚಿತ್ರದಲ್ಲಿ. ಹಿಂದೆ ಅದು ಹಣ್ಣಿನ ಜಾಮ್ ತುಂಬಿದ್ದ ಡಬ್ಬಿಯಾಗಿತ್ತು. ಒಂದೇ ಗೆಣ್ಣಿನಿಂದ ಜೋತುಬಿದ್ದ ಎರಡು ಕೆಂಪು ಹಣ್ಣು, ಮೇಲೊಂದು ಮಿಂಚು. ಅಂಥದ್ದು ನನ್ನ ಹಿತ್ತಲಲ್ಲಿ! ಬುಡ ಸಡಿಲಿಸಿ ಆಡಿನ ಗೊಬ್ಬರ ಹಾಕಿದೆ, ಗೆದ್ದಲು ಹತ್ತದಂತೆ ಕಾಂಡಕ್ಕೆ ಸುಣ್ಣ ಬಳಿದೆ, ಒಣಗಿದ ಕಡ್ಡಿ ಸವರಿದೆ, ನನ್ನ ಪಾಲಿನ ಮಜ್ಜಿಗೆಯನ್ನೂ ಎರೆದೆ. ಎಲೆ ಬಂದವೇ ಹೊರತು ಒಂದು ಹೂ ಬಿಡಲಿಲ್ಲ. ಹಿಮ ಬೀಳದ ಕಡೆ ಅದು ಹೂ ಬಿಡುವುದಿಲ್ಲವೆಂದು ಬಹಳ ವರ್ಷಗಳ ಮೇಲೆ ಯಾರೋ ಹೇಳಿದರು. ಆಗ ಗೊತ್ತಿದ್ದರೆ ಮಜ್ಜಿಗೆಯಾದರೂ ಉಳಿಯುತ್ತಿತ್ತು.

ಗಿಡದ ಟೊಂಗೆಗಳು ಪಕ್ಕದ ಮನೆಯ ಗೋಡೆಗೆ ಒತ್ತಿಕೊಂಡು ಬೆಳೆದಿದ್ದವು. ಆ ಮನೆಗೆ ಹೊರಗಿನಿಂದ ಬೀಗ. ಅಲ್ಲಿದ್ದ ಮುಸಲ್ಮಾನರು ಪೊಲೀಸ್ ಆಕ್ಷನ್ನಿನ ಗಲಾಟೆಯ ದಿನಗಳಲ್ಲಿ ಮನೆ ಬಿಟ್ಟು ಹೋದರಂತೆ. ಎಲ್ಲಿಗೆ ಎಂದು ಓಣಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಆ ಬಾಗಿಲ ಮುಂದೆ ಬಂದಾಗ ಎಲ್ಲರೂ ನೆಲ ನೋಡಿಕೊಂಡು ನಡೆಯುತ್ತಿದ್ದರು. ಅವರ ಅಂಗಳದ ಹಗ್ಗದ ಮೇಲೆ ಒಣಹಾಕಿದ್ದ ಓಢಣಿ ಹಾಗೇ ಉಳಿದಿತ್ತು. ನಮ್ಮ ಹಿತ್ತಲ ಮೆಟ್ಟಿಲು ಹತ್ತಿದರೆ ಕಾಣುತ್ತಿತ್ತು. ಒಂದು ದಿನ ನೋಡಿದರೆ ಓಢಣಿ ಇಲ್ಲ. ಗಾಳಿಗೆ ಹಾರಿರಬೇಕು ಎಂದೆ. ಮತ್ತೊಂದು ದಿನ ಅವರ ಬಾವಿಯ ರಾಟೆ ಕಿರ್ ಎಂದು ಒಮ್ಮೆ ಕೂಗಿ ಥಟ್ಟನೆ ನಿಂತಿತು. "ಗಾಳಿ," ಎಂದೆ. ಹೆಂಡತಿ ಚೆರ್ರಿ ಗಿಡದ ಕಡೆ ನೋಡಿದಳು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಂದಿನಿಂದ ನಾನು ಗಿಡಕ್ಕೆ ನೀರು ಹಾಕುವಾಗ ಇನ್ನಷ್ಟು ಗಟ್ಟಿಯಾಗಿ ವಚನ ಹೇಳತೊಡಗಿದೆ. ಭಕ್ತಿ ಎಂದು ಓಣಿಯವರು ತಿಳಿದರು.

ಅಷ್ಟರಲ್ಲಿ ಭಾಲ್ಕಿಯಿಂದ ನಮ್ಮ ಅತ್ತೆ ಬಂದರು. ಗಿಡವನ್ನು ಒಂದು ಸುತ್ತು ಹಾಕಿ, "ಇದಕ್ಕ ಲಾಡ-ಮುದ್ದು ಭಾಳ ಆಗ್ಯಾದ್ರಿ. ಅಂಜಿಕಿ ಹಾಕ್ಬೇಕು. ನೀವು ಕೊಡ್ಲಿ ಎತ್ತಿ ಕಡೀತೀನಿ ಅನ್ರಿ. ನನ್ನ ಮಗಳು ಅಡ್ಡ ಬಂದು, ಬ್ಯಾಡ್ರಿ, ಬರೋ ವರ್ಷ ಹಣ್ಣು ಕೊಡ್ತದ ಅಂತಾಳ. ನಮ್ಮ ಮಾವಿನ ಗಿಡ ಹಿಂಗೇ ದಾರಿಗಿ ಬಂತು," ಎಂದರು. ಹೆದರಿಸುವ ಕೆಲಸವೆಂದರೆ ನನಗೆ ಹೇಳಿ ಮಾಡಿಸಿದ್ದು. ಮುಸ್ಸಂಜೆಗೆ ಧೋತರ ಎತ್ತಿ ಕಟ್ಟಿ, ಕೊಡಲಿ ಹಿಡಿದು ನಿಂತೆ. "ಏಯ್! ಎಷ್ಟ ದಿನಾ ಹಿಂಗ ಸುಮ್ಮ ನಿಂದ್ರತಿ? ಇವತ್ತ ನಿನ್ನ ಬಿಡಾಂವಲ್ಲ! ಕಡದೇ ಹಾಕ್ತೀನಿ!" ಎಂದು ಒದರಿ, ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಧಡ್ ಎಂದು ಬಡಿದೆ. ಅಡ್ಡ ಬರಬೇಕಾದ ಹೆಂಡತಿ ನನ್ನ ಅವತಾರ ನೋಡಿ ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಇನ್ನೊಂದು ಏಟು ಬಡಿದೆ.

ಎಲೆಗಳ ಒಳಗಿಂದ ದನಿ ಬಂತು. "ನಕ್ಕೋ ಬಾಬಾ, ಬ್ಯಾಡ. ಕೊಡ್ತೀನಿ. ಇದ್ದದ್ದೆಲ್ಲಾ ಕೊಡ್ತೀನಿ."

ಹೆಂಡತಿಯ ನಗು ನಿಂತಿತು. ಅತ್ತೆ "ಬಸವಾ, ಬಸವಾ" ಎನ್ನುತ್ತ ಗಿಡಕ್ಕೆ ಕೈ ಮುಗಿದರು. ನಾನು ಕೊಡಲಿಯನ್ನು ಅಲ್ಲೇ ಬಿಟ್ಟು ಒಳಗೆ ಬಂದದ್ದು ನಡೆದೋ ಓಡಿಯೋ ನೆನಪಿಲ್ಲ. ಆದರೆ ಒಂದು ಲೋಟ ಚಹಾ ಹೊಟ್ಟೆಗೆ ಬಿದ್ದ ಮೇಲೆ ನನ್ನ ಬುದ್ಧಿ ಓಡತೊಡಗಿತು. ಗಿಡ ನೆಟ್ಟವರು ಉರ್ದು ಮಾತಾಡುವವರು, ಅದಕ್ಕೇ ಆ 'ನಕ್ಕೋ'. ಗಿಡಕ್ಕೆ ಕನ್ನಡ ಅಷ್ಟಾದರೂ ಬಂದದ್ದು ನಮ್ಮ ಪುಣ್ಯ! ಕೂಡಲೇ ಓಣಿಯ ಮೂಲೆಯ ಅಂಗಡಿಗೆ ಹೋಗಿ, ನನ್ನ ದನಿಗೆ ಗಿಡ ಬಾಯಿ ಬಿಟ್ಟಿತೆಂದು ಅಲ್ಲಿದ್ದವರಿಗೆಲ್ಲ ಹೇಳಿ ಬಂದೆ.

ಬೆಳಗಾಗುತ್ತಲೇ ಹಿತ್ತಲಿಗೆ ಹೋದೆ. ಗೋಡೆಗೆ ಒತ್ತಿಕೊಂಡ ಟೊಂಗೆಯಲ್ಲಿ, ಎಲೆಗಳ ನಡುವೆ, ಎರಡು ಕೆಂಪು ಹಣ್ಣು. ಒಂದೇ ಗೆಣ್ಣಿನಿಂದ ಜೋತುಬಿದ್ದಿದ್ದವು. ಮೇಲೊಂದು ಮಿಂಚು ಕೂಡ ಇತ್ತು. ಹೂವಿಲ್ಲದೆ, ಕಾಯಿಲ್ಲದೆ, ರಾತ್ರಿ ಕಳೆಯುವುದರಲ್ಲಿ ಹಣ್ಣು! ಕೂದಲು ನಿಮಿರಿತು. ಆದರೂ ಆಸೆ ದೊಡ್ಡದು ನೋಡಿ. ಕಿತ್ತು ಒಂದನ್ನು ಬಾಯಿಗೆ ಹಾಕಿಕೊಂಡು ಕಚ್ಚಿದೆ. ಹಲ್ಲು ಕಟ್ ಎಂದಿತು. ಅಂಗೈಗೆ ಉಗಿದರೆ ಅದು ಹವಳದ ಮಣಿ, ಅದಕ್ಕೆ ಬಂಗಾರದ ತಂತಿ. ಒಂದು ಜೊತೆ ಝುಮಕಿಯನ್ನು ಯಾರೋ ದಾರದಿಂದ ಟೊಂಗೆಗೆ ಕಟ್ಟಿದ್ದರು.

ಅತ್ತೆ ಅದನ್ನು ಕೈಯಲ್ಲಿ ಹಿಡಿದು ನೋಡಿದವರು ಮೆಟ್ಟಿಲ ಮೇಲೆ ಕುಸಿದು ಕೂತರು. "ಯವ್ವಾ, ಇದು ಹೆಣ್ಮಗಳ ಕಿವಿದು. ಗಿಡ ಅಲ್ರಿ ಮಾತಾಡಿದ್ದು. ಆಚಿ ಮನ್ಯಾಗ ಯಾರೋ ಅಡಗಿ ಕುಂತಾರ. ನೀವು ಕೊಡ್ಲಿ ಹಿಡ್ದು ಒದರಿದ್ದು ತಮಗೇ ಅಂತ ತಿಳದಾರ," ಎಂದರು.

ಗೋಡೆಯಾಚೆ ಒಂದು ಜೀವ ಇಡೀ ರಾತ್ರಿ ನನ್ನ ಕೊಡಲಿಗೆ ಕಾಯುತ್ತ ಕೂತಿತ್ತು. ಕ್ಷಮೆ ಕೇಳಲು "ಅಮ್ಮಾ!" ಎಂದು ಬಾಯಿ ತೆರೆದದ್ದೇ ತಡ, ಹೆಂಡತಿ ನನ್ನ ಬಾಯಿ ಒತ್ತಿ ಹಿಡಿದಳು. "ಸುಮ್ಮ ಕೂಡ್ರಿ ನೀವು! ಇನ್ನೊಮ್ಮೆ ಒದರಿದ್ರ ಆಕಿ ಜೀವಾನೇ ಬಿಡ್ತಾಳ!" ನಾನು ಅಡಿಗೆಮನೆಯ ಬಾಗಿಲ ಹಿಂದೆ ಕೂತೆ.

ಹೆಂಡತಿ ಝುಮಕಿ ಕಟ್ಟಿದ್ದ ಟೊಂಗೆ ಸರಿಸಿದಳು. ಅದರ ಹಿಂದೆ ಗೋಡೆಯಲ್ಲೊಂದು ಸಣ್ಣ ಕಿಂಡಿಯಿತ್ತು. ಇಬ್ಬರೂ ಮೆಲ್ಲಗೆ ಕರೆದರು. ಬಹಳ ಹೊತ್ತಿನ ಮೇಲೆ ಒಳಗಿಂದ ಮಾತು ಬಂತು. ಮುದುಕಿ. ನಡೆಯಲಾಗದವಳು. ಮನೆಯವರು ಓಡುವಾಗ, ಒಳಗೆ ಯಾರೂ ಇಲ್ಲವೆಂದು ತೋರಲಿ ಎಂದು ಬೀಗ ಹಾಕಿ, ಬಂದು ಕರೆದೊಯ್ಯುತ್ತೇವೆ ಎಂದು ಹೋಗಿದ್ದರು. ಬಂದಿರಲಿಲ್ಲ. ತೆವಳಿಕೊಂಡು ಬಾವಿಯ ತನಕ ಹೋಗುತ್ತಿದ್ದಳು. ಹೊಗೆ ಕಂಡೀತೆಂದು ಒಲೆ ಹೊತ್ತಿಸದೆ ಜೋಳ ನೆನೆಹಾಕಿ ತಿಂದಿದ್ದಳು. ಅತ್ತೆ ರೊಟ್ಟಿಯನ್ನೂ ಝುಮಕಿಯನ್ನೂ ಕಿಂಡಿಗೆ ಹಿಡಿದರೆ ತೆಗೆದುಕೊಳ್ಳಲೊಲ್ಲಳು.

"ಆ ಕೊಡ್ಲಿಯಾಂವ?" ಎಂದಳು.

"ನಮ್ಮ ಅಳಿಯ್ರಿ ಬೀಬಿ. ಸಾಲಿ ಮಾಸ್ತರ. ಗಿಡಕ್ಕ ಬೈಯಲತ್ತಿದ್ರು, ಹಣ್ಣು ಬಿಡವಲ್ದು ಅಂತ."

"ಗಿಡಕ್ಕ? ಹುಚ್ಚ ಹಾನೇನು?" ಎಂದಳು ಮುದುಕಿ.

"ಹೂಂರಿ, ಜರಾ ಹಾರ," ಎಂದರು ಅತ್ತೆ.

"ಜರಾ ಅಲ್ಲ," ಎಂದಳು ಹೆಂಡತಿ.

ಆಗ ಕಿಂಡಿಯಿಂದ ಒಣಗಿದ ಕೈಯೊಂದು ಹೊರಗೆ ಬಂತು. ಮೊದಲು ರೊಟ್ಟಿ ತೆಗೆದುಕೊಂಡಿತು, ಆಮೇಲೆ ಝುಮಕಿ. ನನ್ನ ಬಗ್ಗೆ ಹೆಂಡತಿ ಅಷ್ಟು ಒಳ್ಳೆಯ ಮಾತು ಹಿಂದೆಂದೂ ಆಡಿರಲಿಲ್ಲ.

ಮರುದಿನ ಇಬ್ಬರೂ ಸೇರಿ ನನ್ನನ್ನು ಹಿತ್ತಲಿಗೆ ನೂಕಿದರು. ನನ್ನ ದನಿಯ ಅಂಜಿಕೆ ಮುದುಕಿಗೆ ಇನ್ನೂ ಹೋಗಿಲ್ಲ, ಗಿಡದೊಡನೆ ಮೆತ್ತಗೆ ಮಾತಾಡಿ ತೋರಿಸಬೇಕು ಎಂದು ಅಪ್ಪಣೆ. ಮೆತ್ತಗೆ ಮಾತಾಡಿ ಅಭ್ಯಾಸವಿಲ್ಲದ ಗಂಟಲು. ಎರಡು ಸಲ ಕೆಮ್ಮಿದೆ. ಗಿಡಕ್ಕೆ ಏನೆಂದು ಕೇಳುವುದು? "ಊಟ ಆಯ್ತೇನು?" ಎಂದೆ.

"ಆಯ್ತು ಬಾಬಾ. ನಿಂದು?" ಎಂದು ಎಲೆಗಳ ಆಚೆಯಿಂದ ಕೇಳಿತು.

ಗಿಡ ಮಾತಾಡಿತೆಂದು ಈ ಸಲ ನಾನು ಅಂಗಡಿಗೆ ಹೋಗಿ ಯಾರಿಗೂ ಹೇಳಲಿಲ್ಲ.