ಲ್ಯಾಟಿನ್ ತವರು, ಗ್ರೀಕ್ ಅತ್ತೆಮನೆ

ನಾನು ಏನನ್ನೇ ಕಲಿಯಲು ಕೂತರೂ ಮನೆಯವರು ಬಂದು ಮಧ್ಯದಲ್ಲಿ ಕೂರುತ್ತಾರೆ. ಹೊಲಿಗೆ ಕಲಿತಾಗ ಹಾಗಾಯಿತು, ಸ್ಕೂಟರ್ ಕಲಿತಾಗಂತೂ ಕೇಳಲೇಬೇಡಿ. ಲ್ಯಾಟಿನ್, ಗ್ರೀಕ್ ಕಲಿತಾಗ ಆದದ್ದನ್ನಷ್ಟೇ ಹೇಳುತ್ತೇನೆ.

೧. ಫಾದರ್ ಪಾಠ

ಕೊಂಕಣಿ ಮಾತಾಡುವ ಸಾಂಖಳಿ ಊರಿನಲ್ಲಿ ನಮ್ಮದು ಕಿರಾಣಿ ಅಂಗಡಿ. ಮನೆಗೊಂದೇ ಮೊಬೈಲ್ ಇದ್ದ ಕಾಲವದು. ಮೂವತ್ನಾಲ್ಕನೆಯ ವಯಸ್ಸಿನಲ್ಲಿ ನಾನು ನರ್ಸಿನ ಸಹಾಯಕಿಯಾಗುವ ತರಬೇತಿಗೆ ಸೇರಿದೆ. ಪಾಸಾದರೆ ಆಸ್ಪತ್ರೆಯಲ್ಲಿ ಕೆಲಸ, ಫೇಲಾದರೆ ಕಡೆತನಕ ಬೇಳೆ ಪೊಟ್ಟಣ ಕಟ್ಟುವುದು. ನನಗೆ ಆ ಕೆಲಸ ಬೇಕೇ ಬೇಕಿತ್ತು.

ರೋಗಗಳ ಲ್ಯಾಟಿನ್, ಗ್ರೀಕ್ ಹೆಸರು ಕಲಿಸುತ್ತಿದ್ದವರು ವಯಸ್ಸಾದ ಒಬ್ಬ ಫಾದರ್. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಕೊಂಕಣಿಯಲ್ಲಿ, ನನ್ನ ಜೊತೆ ಹಿಂದಿ.

"‘ಪೆಡ್’ ಅಂದರೆ ಲ್ಯಾಟಿನ್ನಿನಲ್ಲಿ ಪಾದ, ಗ್ರೀಕಿನಲ್ಲಿ ಮಗು. ‘ಮೆನ್’ ಲ್ಯಾಟಿನ್ನಿನಲ್ಲಿ ಮನಸ್ಸು, ಗ್ರೀಕಿನಲ್ಲಿ ತಿಂಗಳು. ‘ಹೋಮೊ’ ಲ್ಯಾಟಿನ್ನಿನಲ್ಲಿ ಮನುಷ್ಯ, ಗ್ರೀಕಿನಲ್ಲಿ ಅದೇ, ಒಂದೇ ಥರ. ಕೊನೆಗೆ ಬಾಯಿಪರೀಕ್ಷೆ ಇದೆ."

"ಆ ಎರಡು ಭಾಷೆಯವರೂ ಮೊದಲೇ ಕೂತು ಮಾತಾಡಿಕೊಳ್ಳಬಾರದಿತ್ತೇ ಫಾದರ್?" ಎಂದೆ.

"ಕೂತಿದ್ದರು ಮಗಳೇ. ಯುದ್ಧವಾಯಿತು."

೨. ಪಾಲು

ರೊಟ್ಟಿ ಬಡಿಯುವಾಗ ಉಪಾಯ ಹೊಳೆಯಿತು. ಲ್ಯಾಟಿನ್ ನನ್ನ ತವರು, ಗ್ರೀಕ್ ಅತ್ತೆಮನೆ. ಪಾದ ಓಡುವುದು ತವರಿಗೆ, ಮನಸ್ಸು ಇರುವುದೂ ಅಲ್ಲೇ, ನನ್ನನ್ನು ಮನುಷ್ಯಳೆಂದು ನೋಡುವವರೂ ಅಲ್ಲೇ. ಅತ್ತೆಮನೆಯಲ್ಲಿ ಕೇಳುವುದು ಮಗು, ಎಣಿಸುವುದು ತಿಂಗಳು, ಮಾಡುವುದು ದಿನಾ ಅದೇ ಕೆಲಸ. ಇದನ್ನೇ ಜೋರಾಗಿ ಬಾಯಿಪಾಠ ಮಾಡತೊಡಗಿದೆ.

ಓದು ಬಾರದ ನಮ್ಮತ್ತೆ ಒಂದು ವಾರ ಕೇಳಿಸಿಕೊಂಡರು. ಆಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಚಲೋ ಚಲೋವೆಲ್ಲಾ ನಿನ್ನ ತವರಿಗೆ ಹಾಕ್ಕೊಂಡಿಯಲ್ಲ! ಆ ತಿಂಗಳಾ ತಗೊಂಡು ಮನಸ್ಸರೆ ನಮಗ ಕೊಡು."

"ನಾ ಏನ್ ಮಾಡ್ಲಿ ಅತ್ತೀ, ಹಿರ್ಯಾರು ಪಾಲು ಮಾಡಿ ಹೋಗ್ಯಾರ್ರೀ."

"ಯಾವ ಹಿರ್ಯಾರು? ನಿಮ್ಮ ಕಡೆಯವರ ಇರಬೇಕು!"

೩. ಪರೀಕ್ಷೆ

ಪರೀಕ್ಷೆಗೆ ಅತ್ತೆಯೂ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತರು. ಸೆಖೆಗೆ ಬಾಗಿಲು ತೆರೆದೇ ಇತ್ತು. ಅತ್ತೆಗೆ ಹಿಂದಿ ತಿಳಿಯುತ್ತದೆ, ಉತ್ತರ ಮಾತ್ರ ಕನ್ನಡದಲ್ಲೇ.

"ಮಕ್ಕಳ ವಾರ್ಡಿಗೆ ಪೀಡಿಯಾಟ್ರಿಕ್ ಅನ್ನುತ್ತಾರಲ್ಲ, ಅದರ ‘ಪೆಡ್’ ಯಾವ ಭಾಷೆಯದು?" ಎಂದರು ಫಾದರ್.

ನನಗೆ ತವರೂ ನೆನಪಾಗಲಿಲ್ಲ, ಅತ್ತೆಮನೆಯೂ ನೆನಪಾಗಲಿಲ್ಲ. ಆರು ತಿಂಗಳು ಪಟ್ಟ ಕಷ್ಟವೆಲ್ಲ ಹೋಯಿತು ಅಂದುಕೊಂಡು ಅಳು ಬಂತು.

"ಮಗು ನಮ್ಮನೀದ ಐತಿ, ಹೇಳವಾ! ಯಾಕ ಅಂಜತಿ?" ಎಂದು ಹೊರಗಿನಿಂದ ಕೂಗು ಬಂತು.

"ಗ್ರೀಕ್" ಎಂದೆ.

"ಹೊರಗಿನವರೇನು ಹೇಳಿದರು?" ಎಂದರು ಫಾದರ್.

ಫಾದರ್ ಮುಂದೆ ಸುಳ್ಳು ಹೇಳಲಾಗದೆ ಎಲ್ಲ ಒಪ್ಪಿಕೊಂಡೆ, ಪಾಲಿನ ವಿಷಯವನ್ನೂ ಬಿಡದೆ. ಅವರು ನಗಲಿಲ್ಲ. ಎದ್ದು ಬಾಗಿಲು ಹಾಕಿ ಬೇರೆ ಹತ್ತು ಶಬ್ದ ಕೇಳಿದರು. ಅಷ್ಟರಲ್ಲಿ ನನಗೆ ಎರಡೂ ಮನೆ ನೆನಪಾಗಿದ್ದವು. ಹತ್ತೂ ಸರಿ ಹೇಳಿ ಪಾಸಾದೆ.

ಹೊರಗೆ ಬಂದ ಫಾದರ್, ಇಳಕಲ್ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದ ಅತ್ತೆಗೆ ಕೈಮುಗಿದು, "ಅಮ್ಮಾ, ನೀವು ಗ್ರೀಕರಂತೆ, ಹೌದೇ?" ಎಂದು ಕೇಳಿದರು.

"ಇಲ್ರೀ, ನಾವು ಮೂಲ ಧಾರವಾಡದವರು" ಎಂದರು ಅತ್ತೆ. "ಈ ಸೊಸಿ ಬಂದ ಮ್ಯಾಲೆ ಗ್ರೀಕ್ ಆಗೇವಿ."