ಕಿಟಕಿ ಪಕ್ಕದ ಸೀಟಿನಲ್ಲಿ ಗ್ರಾಫಿಕ್ಸ್ ಕಾರ್ಡು

ರಂಗಂಪೇಟೆಯ ಮರಿಲಿಂಗಪ್ಪನಿಗೆ ಇದ್ದದ್ದು ಒಂದೇ ಆಸೆ, ಬಸ್ಸು ಓಡಿಸಬೇಕು ಎಂಬುದು. ಸುರಪುರ ಡಿಪೋದಲ್ಲಿ ಕಂಡಕ್ಟರನಾಗಿ ಸೇರಿದಾಗಿನಿಂದ ಅವನ ಅರ್ಧ ಆಯುಷ್ಯ ಬಸ್ಸಿನೊಳಗೇ ಕಳೆದಿದೆ, ಆದರೆ ಸ್ಟೀರಿಂಗಿನ ಹಿಂದೆ ಒಂದು ಗಳಿಗೆಯೂ ಕಳೆದಿಲ್ಲ. ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದಾಗ ಕಣ್ಣಿನ ಡಾಕ್ಟರು ಬಣ್ಣದ ಚುಕ್ಕೆಗಳ ಹಾಳೆ ಹಿಡಿದು, ಒಳಗೆ ಯಾವ ಅಂಕಿ ಇದೆ ಎಂದು ಕೇಳಿದ್ದರು. ಅವನಿಗೆ ಚುಕ್ಕೆ ಬಿಟ್ಟು ಬೇರೇನೂ ಕಾಣಲಿಲ್ಲ. ಕೆಂಪಿಗೂ ಹಸಿರಿಗೂ ಅವನ ಕಣ್ಣು ಭೇದವನ್ನೇ ಮಾಡುವುದಿಲ್ಲ ಎಂದು ಅಂದು ಗೊತ್ತಾಯಿತು. ಸಿಗ್ನಲ್ಲು ತಿಳಿಯದವನ ಕೈಗೆ ಬಸ್ಸು ಯಾರು ಕೊಡುತ್ತಾರೆ?

ಹೀಗೆ ಆಸೆಯನ್ನು ಮಡಿಚಿಟ್ಟು ಸುಮ್ಮನಿದ್ದವನಿಗೆ ಡ್ರೈವರ್ ನಸೀರುದ್ದೀನ ಒಂದು ದಿನ ಊಟದ ಹೊತ್ತಿನಲ್ಲಿ ಮೊಬೈಲು ತೋರಿಸಿದ. ಯಾವನೋ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಕಂಪ್ಯೂಟರಿನ ಆಟದಲ್ಲಿ ಬಸ್ಸು ಓಡಿಸುತ್ತಿದ್ದ. ಕನ್ನಡಿ ಇತ್ತು, ವೈಪರ್ ಇತ್ತು, ಸ್ಟಾಪು ಬಂದಾಗ ಜನ ಹತ್ತುತ್ತಿದ್ದರು, ಬಾಗಿಲು ಉಸ್ಸೆಂದು ಮುಚ್ಚುತ್ತಿತ್ತು. ಕಣ್ಣಿನ ಡಾಕ್ಟರು ಮಾತ್ರ ಎಲ್ಲಿಯೂ ಇರಲಿಲ್ಲ. ಮರಿಲಿಂಗಪ್ಪನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ಹೆಂಡತಿ ಸುಮಂಗಲಾ ಮೊದಲು ನಕ್ಕಳು, ಆಮೇಲೆ ಸಿಟ್ಟಾದಳು. ಗಂಡ ರಾತ್ರಿ ನಿದ್ದೆಯಲ್ಲಿ ಗೇರು ಬದಲಿಸುವುದನ್ನು ಕಂಡ ಮೇಲೆ ಫ್ರಿಜ್ಜಿಗೆಂದು ಕೂಡಿಟ್ಟದ್ದನ್ನು ತೆಗೆದು ಕೊಟ್ಟಳು. ಎಲ್ಲವೂ ಅದರೊಳಗೇ ಮುಗಿಯಬೇಕು, ಮೇಲೆ ಒಂದು ಪೈಸೆ ಕೇಳಿದರೆ ಡಿಪೋದಲ್ಲೇ ಹಾಸಿಗೆ ಎಂದು ತಾಕೀತು ಮಾಡಿದಳು.

ವಾರದ ರಜೆಯ ದಿನ ಅವನು ಬೆಳಿಗ್ಗೆ ಯಾದಗಿರಿ ಬಸ್ಸು ಹತ್ತಿದ. ಜೊತೆಗೆ ಪಕ್ಕದ ಮನೆಯ ಸಂಗಮನಾಥ ಮಾಸ್ತರರೂ ಹತ್ತಿದರು. ಅವರನ್ನು ಯಾರೂ ಕರೆದಿರಲಿಲ್ಲ. ಗಣಿತ ಕಲಿಸಿ ನಿವೃತ್ತರಾದ ಅವರು, ಕಂಪ್ಯೂಟರ್ ಅಂದರೆ ಲೆಕ್ಕ, ಲೆಕ್ಕ ಅಂದರೆ ತಾವು ಎಂದು ತಾವೇ ತೀರ್ಮಾನಿಸಿದ್ದರು. ಬಸ್ಸು ನಸೀರುದ್ದೀನನದು. ಕಂಡಕ್ಟರ್ ಮೌನೇಶ, ಮರಿಲಿಂಗಪ್ಪನ ಕೈಯಲ್ಲೇ ಪಳಗಿದವನು. ಕಿಟಕಿಯಿಂದ ವಸ್ತು ಹಾಕಿ ಹಿಡಿದ ಸೀಟು ಹಾಕಿದವರದೇ. ಹೊತ್ತಾದರೆ ಯಾರಿಗೂ ಕಾಯಬಾರದು. ಡ್ಯೂಟಿಯಲ್ಲಿ ಫೋನು ಮುಟ್ಟಬಾರದು. ಗುರು ಹೇಳಿಕೊಟ್ಟ ಈ ಮೂರು ಮಾತನ್ನು ಮೌನೇಶ ಉಸಿರಿನಂತೆ ಪಾಲಿಸುತ್ತಿದ್ದ.

ಊರು ದಾಟುವುದರೊಳಗೆ ಮಾಸ್ತರರ ಬಾಯಿಂದ ಸುದ್ದಿ ಇಡೀ ಬಸ್ಸಿಗೆ ಹಬ್ಬಿತು. ಶಹಾಪುರದ ಹೊತ್ತಿಗೆ ಎಲ್ಲರೂ ಕಂಪ್ಯೂಟರ್ ಪಂಡಿತರಾಗಿದ್ದರು. ಹಿಂದಿನ ಸೀಟಿನ ಹತ್ತಿ ವ್ಯಾಪಾರಿ, ಭಾರ ಇದ್ದದ್ದನ್ನೇ ತಗೋ, ಹಗುರದ ಮಾಲು ಬಾಳಿಕೆ ಬರುವುದಿಲ್ಲ ಎಂದ. ಕಕ್ಕೇರಾದ ಹೆಣ್ಣುಮಗಳೊಬ್ಬಳು, ಅದಕ್ಕೆ ಕರೆಂಟು ಎಷ್ಟು ಉಣ್ಣಿಸಬೇಕು ಎಂದು ವಿಚಾರಿಸಿದಳು. ಮಾಸ್ತರರದು ಒಂದೇ ಹಟ. ಪ್ರೊಸೆಸರ್ ಮಿದುಳು ಇದ್ದ ಹಾಗೆ, ಆದ್ದರಿಂದ ಎಲ್ಲಕ್ಕಿಂತ ದೊಡ್ಡ ಪ್ರೊಸೆಸರ್ ತಗೊಂಡು ಉಳಿದದ್ದನ್ನು ಹೇಗಾದರೂ ಹೊಂದಿಸಬೇಕು. ಮರಿಲಿಂಗಪ್ಪ ಎಲ್ಲರಿಗೂ ಹೌದೆಂದು ತಲೆಯಾಡಿಸಿ, ಯಾದಗಿರಿಯಲ್ಲಿ ಇಳಿಯುವಾಗ ಮೊದಲಿಗಿಂತ ಹೆಚ್ಚು ಗೊಂದಲದಲ್ಲಿದ್ದ.

ಕಂಪ್ಯೂಟರ್ ಅಂಗಡಿಯ ಗಯಾಸ ಸಮಾಧಾನದ ಮನುಷ್ಯ. ಮಾಸ್ತರರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಬಂದವನು ಕಂಡಕ್ಟರ್ ಎಂದು ತಿಳಿದು, ಅವನ ಭಾಷೆಯಲ್ಲೇ ಹೇಳಿದ.

"ನೋಡ್ರಿ, ಪ್ರೊಸೆಸರ್ ಅಂದ್ರ ಇಂಜಿನ್. ಮದರ್‌ಬೋರ್ಡ್ ಅಂದ್ರ ಚಾಸಿ. ಗ್ರಾಫಿಕ್ಸ್ ಕಾರ್ಡ್ ಅಂದ್ರ ಡ್ರೈವರ್ ಮುಂದಿನ ಗ್ಲಾಸ್. ಇಂಜಿನ್ ಎಷ್ಟ ದೊಡ್ಡದಿದ್ರೂ ಗ್ಲಾಸ್ ಮಬ್ಬಿದ್ರ ರೋಡ್ ಹ್ಯಾಂಗ ಕಾಣ್ತದ? ನಿಮ್ಮ ರೊಕ್ಕದಾಗ ಮಧ್ಯಮ ಇಂಜಿನ್ ಸಾಕು, ಗಟ್ಟಿ ಚಾಸಿ ಸಾಕು, ಗ್ಲಾಸ್ ಮಾತ್ರ ಛಲೋದು ಇರ್ಲಿ."

ಮರಿಲಿಂಗಪ್ಪನಿಗೆ ಮೊದಲ ಸಲ ಎಲ್ಲವೂ ತಿಳಿಯಿತು. ಗಯಾಸ ಒಂದು ಪುಟ್ಟ ಡಬ್ಬಿ ಬಿಚ್ಚಿ, ಬಿಸ್ಕತ್ತಿನಷ್ಟೇ ಇದ್ದ ಚೌಕ ಪ್ರೊಸೆಸರನ್ನು ಅವನ ಅಂಗೈ ಮೇಲಿಟ್ಟ. ಇದರೊಳಗೆ ನೂರಾರು ಕೋಟಿ ಸ್ವಿಚ್ಚುಗಳಿವೆ, ಕಣ್ಣು ಮಿಟುಕಿಸುವುದರೊಳಗೆ ಅವು ಲೆಕ್ಕವಿಲ್ಲದಷ್ಟು ಸಲ ಹತ್ತಿ ಆರುತ್ತವೆ ಎಂದ. ಮರಿಲಿಂಗಪ್ಪ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಅವನ ಮನೆಯಲ್ಲಿದ್ದದ್ದು ಏಳು ಸ್ವಿಚ್ಚು, ಅದರಲ್ಲಿ ಎರಡು ಕೆಟ್ಟಿದ್ದವು. ಮನುಷ್ಯನ ಕೈ ಇಂಥದ್ದನ್ನು ಮಾಡೀತೇ ಎಂದು ಅವನ ಎದೆ ತುಂಬಿ ಬಂತು. ಕಾಲಲ್ಲಿ ಚಪ್ಪಲಿ ಇದ್ದದ್ದು ನೆನಪಾಗಿ, ಹೊರಗೆ ಹೋಗಿ ಬಿಟ್ಟು ಬಂದ.

ಮದರ್‌ಬೋರ್ಡು ನೋಡಿದರೆ ಯಾದಗಿರಿಯ ಕೋಟೆ ಗುಡ್ಡದ ಮೇಲೆ ನಿಂತು ಊರು ನೋಡಿದ ಹಾಗಿತ್ತು. ಸಣ್ಣ ಓಣಿ, ದೊಡ್ಡ ರಸ್ತೆ, ಸಾಲು ಮನೆ, ಮಧ್ಯದಲ್ಲೊಂದು ಖಾಲಿ ಚೌಕ. ಪ್ರೊಸೆಸರ್ ಬಂದು ಕೂರುವುದು ಆ ಚೌಕದಲ್ಲಿ. ಇಷ್ಟರಲ್ಲಿ ಮಾಸ್ತರರು ಕಪಾಟಿನಿಂದ ಬೇರೆ ಕಂಪನಿಯ ದೊಡ್ಡ ಪ್ರೊಸೆಸರ್ ತೆಗೆಸಿ, ಇದನ್ನೇ ಇದರಲ್ಲಿ ಕೂಡಿಸು ಎಂದರು. ಗಯಾಸ ಎರಡನ್ನೂ ತಿರುವಿ ತೋರಿಸಿದ. ಒಂದರ ಅಡಿಗೆ ಕೂದಲಿನಂಥ ನೂರಾರು ಕಾಲು, ಇನ್ನೊಂದರ ಅಡಿ ನುಣ್ಣಗೆ. ಕಾಲಿದ್ದದ್ದಕ್ಕೆ ಮಾತ್ರ ಈ ಬೋರ್ಡಿನಲ್ಲಿ ತೂತುಗಳಿದ್ದವು. ಸ್ವಲ್ಪ ಒತ್ತಿದರೆ ಕೂತೀತು ಎಂದು ಮಾಸ್ತರರು ಹೆಬ್ಬೆರಳು ಮುಂದೆ ತಂದಾಗ ಗಯಾಸ ಆ ಕೈಯನ್ನು ಗಟ್ಟಿಯಾಗಿ ಹಿಡಿದು, ಅದರಲ್ಲಿ ಚಹಾದ ಕಪ್ಪು ಇಟ್ಟ.

ಕೊನೆಗೆ ಗ್ರಾಫಿಕ್ಸ್ ಕಾರ್ಡು ಬಂತು. ಎರಡು ಫ್ಯಾನಿನ, ಇಟ್ಟಿಗೆಯಷ್ಟು ಭಾರದ ಆ ವಸ್ತುವಿಗೇ ಫ್ರಿಜ್ಜಿನ ದುಡ್ಡಿನ ದೊಡ್ಡ ಪಾಲು ಹೋಯಿತು. ಗಯಾಸ ಎಲ್ಲವನ್ನೂ ಕ್ಯಾಬಿನೆಟ್ ಎಂಬ ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿ, ಬಸ್ಸಿನ ಆಟ ಹಾಕಿ, ನಡೆಸಿ ತೋರಿಸಿದ. ಗಿರಾಕಿಯ ಮುಖ ನೋಡಿ ಹಳೆಯದೊಂದು ಸ್ಟೀರಿಂಗ್ ಚಕ್ರವನ್ನೂ ಪುಕ್ಕಟೆ ಕೊಟ್ಟ. ಆಮೇಲೆ ಕಾರ್ಡನ್ನು ಬಿಚ್ಚಿ ಅದರ ಡಬ್ಬಿಗೆ ಹಾಕಿದ. ಭಾರದ ಕಾರ್ಡು, ಬಸ್ಸಿನ ಕುಲುಕಾಟಕ್ಕೆ ಬೋರ್ಡು ಮುರಿದೀತು, ಮನೆಗೆ ಹೋಗಿ ಒತ್ತಿ ಕೂಡಿಸಿದರೆ ಆಯಿತು ಎಂದ. ಕ್ಯಾಬಿನೆಟ್ಟಿನ ಸ್ಕ್ರೂ ಹಾಕುವುದು ಬಾಕಿ ಇತ್ತು. ಬಸ್ಸಿನ ಹೊತ್ತಾಗುತ್ತಿದೆ, ನಾನು ಮುಂದೆ ಹೋಗಿ ಸೀಟು ಹಿಡಿದಿರುತ್ತೇನೆ ಎಂದು ಮಾಸ್ತರರು ಕಾರ್ಡಿನ ಡಬ್ಬಿ ಎತ್ತಿಕೊಂಡು ನಡೆದರು.

ಮರಿಲಿಂಗಪ್ಪ ಕ್ಯಾಬಿನೆಟ್ಟನ್ನು ಕೂಸಿನಂತೆ ಎದೆಗವಚಿಕೊಂಡು ಸ್ಟ್ಯಾಂಡಿಗೆ ಬಂದಾಗ ಮಾಸ್ತರರು ಚಹಾದಂಗಡಿಯ ಮುಂದೆ ಮಿರ್ಚಿ ತಿನ್ನುತ್ತಿದ್ದರು. ಕೈಯಲ್ಲಿ ಮಿರ್ಚಿಯಲ್ಲದೆ ಬೇರೇನೂ ಇರಲಿಲ್ಲ.

"ಡಬ್ಬಿ ಎಲ್ಲಿ ಅದರಿ ಮಾಸ್ತರ?"

"ಸೀಟ್ ಹಿಡದೀನಪ್ಪಾ. ಕಿಟಕಿ ಸೀಟು. ಟವಲ್ ಮನ್ಯಾಗ ಮರತಿದ್ದೆ, ಡಬ್ಬಿ ಒಗದು ಹಿಡದೆ. ಆ ನೋಡು, ನಸೀರನ ಬಸ್ಸು."

ಅವರು ಬೆರಳು ತೋರಿಸಿದ ಕಡೆ ಬಸ್ಸಿನ ಹಿಂಭಾಗ ಸ್ಟ್ಯಾಂಡಿನ ಗೇಟು ದಾಟುತ್ತಿತ್ತು. ಮೌನೇಶ ಗುರು ಹೇಳಿಕೊಟ್ಟಂತೆ, ಯಾರಿಗೂ ಕಾಯದೆ, ಹೊತ್ತಿಗೆ ಸರಿಯಾಗಿ ರೈಟ್ ಹೇಳಿದ್ದ.

ಮರಿಲಿಂಗಪ್ಪ ಮೊಬೈಲು ತೆಗೆದ. ಮೌನೇಶನಿಗೆ ಫೋನು ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಡ್ಯೂಟಿಯಲ್ಲಿ ಫೋನು ಮುಟ್ಟಬಾರದೆಂದು ಅವನಿಗೆ ಹೇಳಿಕೊಟ್ಟವರು ಯಾರು? ನಸೀರುದ್ದೀನನಂತೂ ಸ್ಟೀರಿಂಗ್ ಹಿಡಿದರೆ ಮಗನ ಮದುವೆ ಸುದ್ದಿಗೂ ಫೋನು ಎತ್ತುವವನಲ್ಲ. ಇಬ್ಬರೂ ಅದರ ಹಿಂದೆ ಬಂದ ಇನ್ನೊಂದು ಬಸ್ಸು ಹತ್ತಿದರು. ಭೀಮಾ ನದಿ ಬಂತು, ಹೋಯಿತು. ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಗುಡ್ಡವನ್ನು ಮರಿಲಿಂಗಪ್ಪ ದಿನವೂ ಹೊಸ ಪ್ರಯಾಣಿಕರಿಗೆ ತೋರಿಸುತ್ತಿದ್ದ. ಇಂದು ಅತ್ತ ತಿರುಗಲೂ ಇಲ್ಲ. ಡಬ್ಬಿಯ ಮೇಲೆ ಯಾರಾದರೂ ಕೂತಿರಬಹುದು, ಯಾರಾದರೂ ಒಯ್ದಿರಬಹುದು ಎಂಬ ಎರಡೇ ಯೋಚನೆ ತಲೆ ತಿನ್ನುತ್ತಿದ್ದವು. ಮಾಸ್ತರರು ಮಾತ್ರ, ಆ ಸೀಟಿನಲ್ಲಿ ಗಾಳಿ ಬಹಳ ಚೆನ್ನಾಗಿ ಬರುತ್ತದೆ ಎಂದು ಹಳಹಳಿಸುತ್ತಿದ್ದರು.

ಸುರಪುರ ಸ್ಟ್ಯಾಂಡಿನಲ್ಲಿ ಇಳಿದು ನೋಡಿದರೆ, ಡಬ್ಬಿ ಮೌನೇಶನ ಕೈಯಲ್ಲಿ ಹಾಗೇ ಇತ್ತು! ಒಂದು ಗೀರೂ ಬಿದ್ದಿರಲಿಲ್ಲ. ನಡೆದದ್ದನ್ನು ಕೇಳಿ ಮರಿಲಿಂಗಪ್ಪ ಬೆರಗಾಗಿ ನಿಂತ. ಬಸ್ಸು ಉಸಿರಾಡಲೂ ಜಾಗವಿಲ್ಲದಷ್ಟು ತುಂಬಿತ್ತು. ಆದರೂ ವಸ್ತು ಹಾಕಿ ಹಿಡಿದ ಸೀಟೆಂದು ಮೌನೇಶ ಅದರ ಮೇಲೆ ಯಾರನ್ನೂ ಕೂರಗೊಟ್ಟಿರಲಿಲ್ಲ. ಅದರ ಸಲುವಾಗಿ ಬೈಸಿಕೊಂಡಿದ್ದ, ಜಗಳಾಡಿದ್ದ. ಮಾಸ್ತರರು ಒಗೆದದ್ದನ್ನು ಕಂಡು ಡಬ್ಬಿ ಮರಿಲಿಂಗಪ್ಪನದೆಂದು ತಿಳಿದಿದ್ದ ನಸೀರುದ್ದೀನ ಪ್ರತಿ ಹಂಪಿನಲ್ಲೂ ಬಸ್ಸನ್ನು ಬಸುರಿಯನ್ನು ನಡೆಸಿದಂತೆ ನಡೆಸಿದ್ದ. ಕಿಟಕಿ ಪಕ್ಕ, ಗಾಳಿ ತಗೊಳ್ಳುತ್ತಾ, ಆ ಗ್ರಾಫಿಕ್ಸ್ ಕಾರ್ಡು ಯಾದಗಿರಿಯಿಂದ ಸುರಪುರದವರೆಗೆ ಒಂದು ಸೀಟಿನ ಮೇಲೆ ಒಂಟಿಯಾಗಿ ಕೂತು ಬಂದಿತ್ತು.

ಅದರ ಪಕ್ಕ ನಿಂತು ಬಂದವಳು ಅವನ ಓಣಿಯ ಮುದುಕಿ ದೇವಕಮ್ಮ. ಆಕೆ ಮೊಣಕಾಲು ಹಿಡಿದುಕೊಂಡು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕಾಯುತ್ತಿದ್ದಳು.

"ತಮ್ಮಾ, ಯಾರೋ ದೊಡ್ಡ ಸಾಹೇಬರು ಶಹಾಪುರದಾಗ ಹತ್ತತಾರ ಅಂತ ತಿಳದು ನಾ ಸುಮ್ನ ನಿಂತಿದ್ದೆ. ಯಾರೂ ಹತ್ತಲಿಲ್ಲ. ನನ್ನ ನಿಂದ್ರಿಸಿ ಕುಂತು ಬಂದದ್ದು ಏನದ ಅಂತ ನೋಡದ ನಾ ಮನಿಗಿ ಹೋಗಾಕಿ ಅಲ್ಲ."

ಮರಿಲಿಂಗಪ್ಪನ ಕಣ್ಣು ತುಂಬಿತು. ತನ್ನ ಆಸೆಯನ್ನು ಇಷ್ಟು ಜನ ಸೇರಿ ಕಾಪಾಡಿದ್ದಾರಲ್ಲ ಎನಿಸಿ, ಎಲ್ಲರೂ ಮನೆಗೆ ಬರ್ರಿ, ನೋಡಿಯೇ ಹೋಗ್ರಿ ಎಂದುಬಿಟ್ಟ. ಅವನು ಹೇಳದಿದ್ದರೂ ಅವರು ಬರುವವರೇ.

ಸಂಜೆಯ ಬೆಳಕು ಇನ್ನೂ ಇರುವಾಗಲೇ ಕಾರ್ಡು ಟಕ್ಕೆಂದು ಬೋರ್ಡಿನಲ್ಲಿ ಕೂತಿತು. ಟಿವಿಗೆ ತಂತಿ ಹಾಕಿ ಗುಂಡಿ ಒತ್ತಿದೊಡನೆ ಕ್ಯಾಬಿನೆಟ್ಟಿನ ಗಾಜಿನೊಳಗೆ ಬೆಳಕು ಹರಿದಾಡಿತು. ಅದು ಕೆಂಪೆಂದು ಕೆಲವರು, ಈಗ ಹಸಿರಾಯಿತೆಂದು ಕೆಲವರು ಕೂಗಿದರು. ಮರಿಲಿಂಗಪ್ಪನಿಗೆ ಎರಡೂ ಒಂದೇ. ಅವನಿಗೆ ಕಂಡದ್ದು ಬೆಳಕು ಮಾತ್ರ, ಅಷ್ಟಕ್ಕೇ ಅವನ ಮೈ ಜುಮ್ಮೆಂದಿತು. ಟಿವಿಯಲ್ಲಿ ಬಸ್ಸೊಂದು ಮಳೆಯಲ್ಲಿ ನೆನೆದು ನಿಂತಿತ್ತು. ಗಾಜಿನ ಮೇಲಿನ ಹನಿ ಹನಿಯೂ ಕಾಣುತ್ತಿತ್ತು. ಮನೆ ತುಂಬಿದ್ದ ಜನ ಗುಡಿಯೊಳಗೆ ನಿಂತವರಂತೆ ಕತ್ತೆತ್ತಿ ನೋಡಿದರು.

ಮರಿಲಿಂಗಪ್ಪ ಕುರ್ಚಿಯ ಕಡೆ ಹೆಜ್ಜೆ ಇಟ್ಟ. ಅಷ್ಟರಲ್ಲಿ ದೇವಕಮ್ಮ ಕೂತಾಗಿತ್ತು. ಅಷ್ಟು ದೂರ ನಿಂತು ಬಂದವಳನ್ನು ಏಳೆನ್ನಲು ಬಾಯಿ ಬರಲಿಲ್ಲ. ಆಕೆ ಬಸ್ಸನ್ನು ನೇರ ಒಂದು ಅಂಗಡಿಯೊಳಗೆ ನುಗ್ಗಿಸಿ, ಸೆರಗಿನಲ್ಲಿ ಬೆವರು ಒರೆಸಿಕೊಂಡು ಎದ್ದಳು. ಹೀಗಲ್ಲ, ಹೀಗೆ ಎಂದು ತೋರಿಸಲು ನಸೀರುದ್ದೀನ ಕೂತ. ದಿನವಿಡೀ ಬಸ್ಸು ಓಡಿಸಿ ಸಾಕಾಗದವನಂತೆ ಎರಡು ಊರು ದಾಟಿದ. ಬೈಸಿಕೊಂಡ ಹಕ್ಕಿನ ಮೇಲೆ ಮೌನೇಶ ಕೂತ. ಸೀಟು ಹಿಡಿದದ್ದೇ ನಾನು ಎಂದು ಮಾಸ್ತರರು ಕೂತರು. ಅಷ್ಟರಲ್ಲಿ ಓಣಿಯ ಜನ ಬಾಗಿಲಲ್ಲಿ ನೂಕಾಡತೊಡಗಿದ್ದರು.

ಯಾರೋ ತಳ್ಳಿದರು, ಯಾರೋ ಬೈದರು. ಮರಿಲಿಂಗಪ್ಪನ ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು. "ಒಬ್ಬೊಬ್ಬರಾಗಿ ಬರ್ರಿ, ಹಿಂದ ಸರೀರಿ, ಬಾಗಲದಾಗ ನಿಂದ್ರಬ್ಯಾಡ್ರಿ." ಜನ ತಕ್ಷಣ ಸಾಲಾದರು. ಒಬ್ಬರು ಎದ್ದೊಡನೆ ಇನ್ನೊಬ್ಬರನ್ನು ಕೂಡಿಸಿ ಅವನು ರೈಟ್ ಎನ್ನುತ್ತಿದ್ದ, ಬಸ್ಸು ಹೊರಡುತ್ತಿತ್ತು. ಹೊಸ ರಸ್ತೆ ತಿರುಗಿದಾಗಲೆಲ್ಲ ಅವನು ಎಲ್ಲರಿಗಿಂತ ಮೊದಲು ಅಬ್ಬಾ ಎನ್ನುತ್ತಿದ್ದ.

ಕಡೆಗೆ ಊಟದ ಹೊತ್ತಾಗಿ ಸಾಲು ಕರಗಿತು. ದೇವಕಮ್ಮನನ್ನು ಮನೆ ಮುಟ್ಟಿಸಿ ಬರಲು ಮರಿಲಿಂಗಪ್ಪ ಎರಡು ಹೆಜ್ಜೆ ಹೊರಗೆ ಹೋದ. ತಿರುಗಿ ಬರುವಾಗ ಅವನ ಎದೆ ಹೊಸ ಮದುಮಗನ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಈಗ ಮನೆ ಖಾಲಿ, ಬಸ್ಸು ಖಾಲಿ, ಸ್ಟೀರಿಂಗ್ ಖಾಲಿ. ಬಾಗಿಲು ಹಾಕಿ ಕುರ್ಚಿಯ ಹತ್ತಿರ ಬಂದ.

ಕುರ್ಚಿಯ ಮೇಲೆ ಅಡುಗೆಮನೆಯ ಕೈಬಟ್ಟೆ ಮಡಿಚಿ ಇಟ್ಟಿತ್ತು.

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತು, ಸುಮಂಗಲಾಳ ದನಿ ಬಂತು. "ಅದು ನಂದು ರಿ. ಕೊನೀ ರೊಟ್ಟಿ ಹಂಚಿನ ಮ್ಯಾಲ ಅದ, ಬಂದೆ."

ಮರಿಲಿಂಗಪ್ಪ ಕೈಬಟ್ಟೆಯನ್ನೂ ಸ್ಟೀರಿಂಗನ್ನೂ ನೋಡಿದ. ಫ್ರಿಜ್ಜು ಬಿಟ್ಟುಕೊಟ್ಟವಳು ಅವಳು. ಅದಕ್ಕಿಂತ ಹೆಚ್ಚಾಗಿ, ಅವನು ಜೀವಮಾನವಿಡೀ ಜಗಳಾಡಿ ಕಾಪಾಡಿದ ಕಾನೂನು ಅವಳ ಕಡೆಗಿತ್ತು. ಅವಳು ಹಿಟ್ಟಿನ ಕೈ ಒರೆಸಿಕೊಂಡು ಬಂದು, ಬಟ್ಟೆ ಎತ್ತಿ, ಕುರ್ಚಿಯಲ್ಲಿ ಸರಿಯಾಗಿ ಕೂತು, ಗಂಡನ ಕಡೆ ಒಮ್ಮೆ ತಿರುಗಿ ನೋಡಿದಳು. ಬಸ್ಸು ಯಾಕೆ ಹೊರಡುತ್ತಿಲ್ಲ ಎಂದು ಅವಳಿಗೆ ತಿಳಿಯದಿದ್ದರೂ ಅವನಿಗೆ ತಿಳಿದಿತ್ತು.

ಅವನು ಕುರ್ಚಿಯ ಹಿಂದೆ ತನ್ನ ಜಾಗದಲ್ಲಿ ನಿಂತು, "ರೈಟ್" ಎಂದ.