ಬೋಳಾದದ್ದು ಯಾರ ಕೈಯಲ್ಲಿ?

ಮೇಲ್ಮಹಡಿಯ ನಿವೃತ್ತ ಹೆಡ್ಮಾಸ್ತರು ಬೆಳಗಾಗುತ್ತಲೇ ಒಂದು ಪಂಜರ, ಅಗಲವಾದ ಬೋಗುಣಿ ಮತ್ತು ಡಬ್ಬಿ ತುಂಬ ಬೂದುಬಣ್ಣದ ಪುಡಿ ತಂದು ಹೊಲಿಗೆ ಯಂತ್ರದ ಪಕ್ಕ ಇಟ್ಟಾಗ, ಬೇಡ ಎನ್ನಲು ದರ್ಜಿಗೆ ನಾಲಿಗೆ ಏಳಲಿಲ್ಲ. ಹಾಗೆನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

"ನಮ್ಮನೆಯವಳು ಸಂಜೆ ಊರಿಂದ ಬರ್ತಾಳೆ. ನಾನು ಪೇಟೆ ಕೆಲಸ ಮುಗಿಸಿ ಹಾಗೇ ಸ್ಟೇಷನ್‌ಗೆ ಹೋಗ್ತೀನಿ. ಈ ಚಿಂಚಿಲಾ ಅಂದ್ರೆ ಅವಳಿಗೆ ಪ್ರಾಣ. ಮಧ್ಯಾಹ್ನ ಒಂದು ಸ್ನಾನ ಮಾಡಿಸಿಬಿಡಪ್ಪ. ನೀರಲ್ಲಲ್ಲ, ಈ ಪುಡೀಲಿ! ತುಪ್ಪಳ ಬಹಳ ದಟ್ಟ, ಒದ್ದೆಯಾದ್ರೆ ಬೇಗ ಒಣಗಲ್ಲ."

ಮೊಲದ ಮೈಗೆ ಅಳಿಲಿನ ಬಾಲ ಅಂಟಿಸಿದಂತಿದ್ದ ಆ ಪ್ರಾಣಿ ದರ್ಜಿಯನ್ನು ದುರುಗುಟ್ಟಿ ನೋಡಿತು. ಹೆಡ್ಮಾಸ್ತರು ಅವನ ಮುಖ ನೋಡದೆ ನಡೆದುಬಿಟ್ಟರು.

ಮಧ್ಯಾಹ್ನ ಬೋಗುಣಿಗೆ ಇಳಿದದ್ದೇ ತಡ, ಚಿಂಚಿಲಾ ಗಿರಗಿರನೆ ಉರುಳಿ ಪುಡಿ ಎಬ್ಬಿಸಿತು. ಅರ್ಧ ಹೊಲಿದಿದ್ದ ಕರಿ ಕೋಟು ಗಿರಣಿಯವನ ಅಂಗಿಯಂತಾಯಿತು. ದರ್ಜಿ ಮನೆ ನಡುಗುವಂತೆ ಸೀನಿದ. ಬೆಚ್ಚಿದ ಪ್ರಾಣಿ ಚಂಗನೆ ನೆಗೆಯಿತು, ಅವನು ಗಪ್ಪನೆ ಬೆನ್ನಿಗೆ ಕೈಹಾಕಿದ. ಅದು ಪಂಜರ ಸೇರಿಕೊಂಡಿತು. ಒಂದು ಕುಚ್ಚು ತುಪ್ಪಳ ಮಾತ್ರ ಅವನ ಬೆರಳಲ್ಲೇ ಉಳಿಯಿತು. ಬೆನ್ನ ಮೇಲೆ ಕೋಟಿನ ಗುಂಡಿಯಷ್ಟಗಲ ಬೋಳು!

"ಅಯ್ಯೋ, ಕಿತ್ಬಿಟ್ಟೆ!" ಎಂಬ ಕೂಗಿಗೆ ಅಕ್ಕಪಕ್ಕದವರೆಲ್ಲ ನೆರೆದರು.

"ಬಿಡು, ಬೋಳು ಮುಚ್ಚೋದೇ ನನ್ನ ಕಸುಬು," ಎಂದು ಪಕ್ಕದಂಗಡಿಯ ಕ್ಷೌರಿಕ ಬಾಚಣಿಗೆ ತಂದ. ಚಿಂಚಿಲಾ ಅದರ ಎರಡು ಹಲ್ಲು ಮುರಿಯಿತು.

"ಮುಲಾಮು ಹಚ್ಚೋಣ್ವಾ?" ಎಂದಳು ಔಷಧಿ ಅಂಗಡಿಯ ಅಕ್ಕ.

"ಬೇಡಕ್ಕಾ, ಒದ್ದೆ ಮಾಡ್ಬಾರ್ದಂತೆ!" ಎಂದ ದರ್ಜಿ.

"ನೀನು ದರ್ಜಿ ತಾನೇ? ಒಂದು ತೇಪೆ ಹಾಕು ಮತ್ತೆ," ಎಂದಳು ಎದುರುಮನೆ ಅಜ್ಜಿ.

ಸಂಜೆ ಟ್ಯಾಕ್ಸಿ ಬಂದು ನಿಂತಾಗ ದರ್ಜಿಯ ಎದೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಹೆಂಡತಿ ಇಳಿಯುವ ಮೊದಲೇ ಹೆಡ್ಮಾಸ್ತರು ಒಳಗೋಡಿ ಬಂದರು.

"ಸಾರ್, ತಪ್ಪಾಯ್ತು. ನನ್ನ ಪಾಪಿ ಕೈ..." ಎಂದು ಅವನು ಕುಚ್ಚನ್ನು ಮುಂದೆ ಹಿಡಿದ.

ಹೆಡ್ಮಾಸ್ತರ ಮುಖ ಅರಳಿತು. ಅವನನ್ನು ಮೂಲೆಗೆಳೆದು ಕಿವಿಯಲ್ಲಿ ಉಸುರಿದರು: "ನೀನಲ್ಲ ಕಣಪ್ಪ! ಬೆಳಿಗ್ಗೆ ಬಾಚೋಕೆ ಹೋಗಿ ನಾನೇ ಕಿತ್ತಿದ್ದು. ಗೋಂದು ಹಚ್ಚಿ ಅಂಟಿಸಿದ್ದೆ."

ನೋಡಿದರೆ ಕುಚ್ಚಿನ ಬುಡದಲ್ಲಿ ಒಣಗಿದ ಗೋಂದು! ದರ್ಜಿಯ ಎದೆ ಮೇಲಿನ ಬಂಡೆ ಸರಿದಂತಾಯಿತು. "ಬದುಕಿದೆ ಸಾರ್! ಹಾಗಾದ್ರೆ ಅಮ್ಮಾವ್ರಿಗೆ ಹೇಳಿ..."

ಅಷ್ಟರಲ್ಲಿ ಅಮ್ಮಾವರು ಬಾಗಿಲಲ್ಲಿದ್ದರು, ಕಣ್ಣು ಪಂಜರದ ಮೇಲೆ. "ಯಾರು ಮಾಡಿದ್ದಿದು?"

"ದರ್ಜಿ!" ಎಂದರು ಟ್ಯಾಕ್ಸಿ ಕಂಡು ಮತ್ತೆ ನೆರೆದಿದ್ದ ಅಕ್ಕಪಕ್ಕದವರೆಲ್ಲ ಒಕ್ಕೊರಲಿನಿಂದ. "ಪಾಪ, ಅವನೇ ಒಪ್ಕೊಂಡಿದ್ದಾನೆ." ಹೆಡ್ಮಾಸ್ತರು ಸೂರು ನೋಡುತ್ತ ನಿಂತರು.

ಅಮ್ಮಾವರು ತುಪ್ಪಳದೊಳಗೆ ಉಫ್ ಎಂದು ಊದಿ ಚರ್ಮ ಪರೀಕ್ಷಿಸಿದರು. "ಗಾಯ ಇಲ್ಲ. ಹೆದರಿದ್ರೆ ಇವು ತುಪ್ಪಳ ಬಿಟ್ಟು ತಪ್ಪಿಸ್ಕೊಳ್ತವೆ. ಕೆಲವು ತಿಂಗಳಲ್ಲಿ ಮತ್ತೆ ಬರತ್ತೆ."

ಎಲ್ಲರೂ ಉಸಿರು ಬಿಟ್ಟರು. ಎಲ್ಲರಿಗಿಂತ ಉದ್ದದ ಉಸಿರು ದರ್ಜಿಯದು.

"ಆದ್ರೂ ಸುಳ್ಳು ಹೇಳ್ಲಿಲ್ವಲ್ಲ, ಇಂಥ ಪ್ರಾಮಾಣಿಕರು ಎಲ್ಲಿ ಸಿಗ್ತಾರೆ?" ಎಂದರು ಅಮ್ಮಾವರು. "ನಮ್ಮ ಯಜಮಾನ್ರ ಕೈಗೆ ಕೊಡೋಕೆ ನಂಗೆ ಮೊದಲಿಂದ್ಲೂ ಭಯ. ಇನ್ಮೇಲೆ ಇದರ ಸ್ನಾನವೆಲ್ಲ ನಿಮ್ಮಲ್ಲೇ."

ಬೇಡ ಎನ್ನಲು ದರ್ಜಿ ಬಾಯಿ ತೆರೆಯುವಷ್ಟರಲ್ಲಿ ಹೆಡ್ಮಾಸ್ತರು ಹೆಂಡತಿಯ ಸೂಟ್‌ಕೇಸ್ ಹೊತ್ತು, ಪಾಸಾದ ಹುಡುಗನಂತೆ, ಎರಡೆರಡು ಮೆಟ್ಟಿಲು ಹಾರಿ ಮೇಲೇರುತ್ತಿದ್ದರು.